ಕಂಡವರ ಋಣ

ಒಬ್ಬನು ದೂರದ ನಾಡಿಗೆ ಹೋಗಿ, ಅಲ್ಲಿಯ ಹಕ್ಕಿಗಳನ್ನೂ ಮೃಗಗಳನ್ನೂ ಕಣ್ಣಾರೆ ನೋಡಿ, ಒಂದು ಗರಿಯನ್ನಾದರೂ ಕೀಳದೆ, ಒಂದು ಗೂಡನ್ನಾದರೂ ಮುಟ್ಟದೆ, ತನ್ನ ಊರಿಗೆ ಹಿಂದಿರುಗುತ್ತಾನೆಂದು ಎಣಿಸೋಣ. ಅವನು ಯಾರಿಗಾದರೂ ಸಾಲಗಾರನೋ? ಬೇಟೆಗಾರನು ತಾನು ಕೊಂದದ್ದಕ್ಕೆ ಲೆಕ್ಕ ಒಪ್ಪಿಸಬೇಕೆಂದು ಎಲ್ಲರೂ ಹೇಳುವರು. ಕಾಡು ಕಡಿದವನೂ ಹಾಗೆಯೇ. ಆದರೆ ಕೇವಲ ನೋಡಿ ಬಂದವನು ಏನು ಲೆಕ್ಕ ಒಪ್ಪಿಸಬೇಕು? ಅವನು ಬಾಗಲಲ್ಲಿ ಕೇಳಿದ ಹಣವನ್ನು ಕೊಟ್ಟಿದ್ದಾನೆ. ದೋಣಿ ನಡಿಸಿದವನಿಗೆ ಕೂಲಿಯನ್ನು ಸಲ್ಲಿಸಿದ್ದಾನೆ. ಯಾರಿಗೂ ಕೇಡು ಮಾಡಲಿಲ್ಲ. ಇಷ್ಟಾದ ಮೇಲೆ ಅವನ ಮೇಲೆ ಇನ್ನೊಂದು ಭಾರವನ್ನು ಹೊರಿಸುವದು ನ್ಯಾಯವೋ?

ಈ ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇದನ್ನು ಸರಿಯಾಗಿ ವಿಚಾರಿಸಿದರೆ, ನಮ್ಮ ದಿನದಿನದ ನಡತೆಗೆ ಸಂಬಂಧಪಟ್ಟ ಒಂದು ದೊಡ್ಡ ಪ್ರಶ್ನೆಗೆ ಬಂದು ಮುಟ್ಟುವೆವು. ಅದೇನೆಂದರೆ: ತಿಳಿಯದೆ ಆದ ಕೇಡು, ತಿಳಿದ ಮೇಲೆ ಯಾರದು? ಬರಿಯ ಮಾತಿನಿಂದ ಇದನ್ನು ತೀರಿಸಲಾಗದು. ಆದಕಾರಣ ಲೋಕದಲ್ಲಿ ನಿಜವಾಗಿರುವ ಒಂದು ಸ್ಥಳವನ್ನು ದೃಷ್ಟಾಂತವಾಗಿ ತೆಗೆದುಕೊಂಡು, ಅಲ್ಲಿ ಏನು ಕಾಣುತ್ತದೆಂಬದನ್ನೂ ಏನು ಕಾಣುವದಿಲ್ಲವೆಂಬದನ್ನೂ ನೋಡೋಣ.

ಭಾರತದ ಈಶಾನ್ಯ ಮೂಲೆಯಲ್ಲಿ, ಬರ್ಮಾ ಎಂದು ಪೂರ್ವದಲ್ಲಿ ಕರೆಯಲ್ಪಟ್ಟ ಮ್ಯಾನ್ಮಾರ್ ದೇಶದ ಎಲ್ಲೆಗೆ ಹೊಂದಿ, ಮಣಿಪುರವೆಂಬ ರಾಜ್ಯವುಂಟು. ಸುತ್ತಲೂ ಬೆಟ್ಟಗಳು, ನಡುವೆ ಒಂದು ಸಮತಟ್ಟಾದ ಕಣಿವೆ. ಆ ಕಣಿವೆಯ ಮುಖ್ಯ ಪಟ್ಟಣ ಇಂಫಾಲ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ಹೋದರೆ, ಬಿಷ್ಣುಪುರ ಜಿಲ್ಲೆಯಲ್ಲಿ ಲೋಕ್ತಕ್ ಎಂಬ ದೊಡ್ಡ ಸರೋವರವೂ, ಅದರ ಆಗ್ನೇಯ ಭಾಗದಲ್ಲಿ ಕೈಬುಲ್ ಲಮ್ಜಾವೋ ಎಂಬ ರಾಷ್ಟ್ರೀಯ ಉದ್ಯಾನವೂ ಸಿಕ್ಕುತ್ತವೆ. ಉದ್ಯಾನದ ವಿಸ್ತೀರ್ಣ ಸುಮಾರು 40 ಚದರ ಕಿಲೋಮೀಟರು ಮಾತ್ರ. ನಮ್ಮ ಕಡೆಯವರು ಅಲ್ಲಿಗೆ ಹೋಗುವದು ಸುಲಭವಲ್ಲ. ದೂರವು ಬಹಳ, 2020ನೇ ಇಸವಿಯಿಂದ ಹೊರಗಿನ ರಾಜ್ಯಗಳವರು ಇನ್ನರ್ ಲೈನ್ ಪರ್ಮಿಟ್ ಎಂಬ ಅಪ್ಪಣೆಯ ಚೀಟಿಯನ್ನೂ ಪಡೆಯಬೇಕು. ಅಲ್ಲದೆ 2023ನೇ ಇಸವಿಯ ಮೇ ತಿಂಗಳಲ್ಲಿ ಆ ರಾಜ್ಯದ ಕಣಿವೆಯವರಿಗೂ ಬೆಟ್ಟದವರಿಗೂ ಉಂಟಾದ ಕಲಹವು ಅನೇಕರ ಪ್ರಾಣಗಳನ್ನೂ ಮನೆಗಳನ್ನೂ ತೆಗೆದುಕೊಂಡಿತು. ಆದಕಾರಣ ಆ ನಾಡಿನ ಹೆಸರನ್ನು ನಾವು ಬರಿಯ ವಿನೋದದ ಮಾತಾಗಿ ಎತ್ತಕೂಡದು.

ಆ ಸರೋವರದ ವಿಶೇಷವೇನೆಂದರೆ, ಅದರ ಮೇಲೆ ನೆಲವೇ ತೇಲುತ್ತದೆ. ಹುಲ್ಲು, ಜೊಂಡು, ಬೇರು, ಕೊಳೆತ ಎಲೆ, ಮಣ್ಣು ಇವೆಲ್ಲವೂ ಅನೇಕ ವರುಷಗಳಿಂದ ಒಂದರೊಳಗೊಂದು ಹೆಣೆದುಕೊಂಡು, ಚಾಪೆಯಂತಾಗಿ ನೀರಿನ ಮೇಲೆ ನಿಂತಿವೆ. ಅಲ್ಲಿಯವರು ಇದಕ್ಕೆ ಫುಮ್ದಿ ಎನ್ನುತ್ತಾರೆ. ಕೆಲವು ಕಡೆ ಇದರ ದಪ್ಪ ಕೆಲವೇ ಅಂಗುಲ, ಕೆಲವು ಕಡೆ ಆರು ಅಡಿಯ ತನಕ. ಇದರ ಐದನೆಯ ಒಂದು ಪಾಲು ಮಾತ್ರ ನೀರಿನ ಮೇಲೆ ಕಾಣುತ್ತದೆ. ಮಿಕ್ಕ ನಾಲ್ಕು ಪಾಲು ಕೆಳಗೆ ಮುಳುಗಿರುತ್ತದೆ. ಉದ್ಯಾನದ ಬಹುಭಾಗವು ಇಂಥ ತೇಲುವ ನೆಲವೇ. ನಡುವೆ ಪಬೋಟ್, ತೋಯಾ, ಚಿಂಗ್‌ಜಾವೋ ಎಂಬ ಮೂರು ಚಿಕ್ಕ ಗುಡ್ಡಗಳು ಗಟ್ಟಿ ನೆಲವಾಗಿ ನಿಂತಿವೆ. ಮಳೆಗಾಲದ ನೆರೆಯಲ್ಲಿ ದೊಡ್ಡ ಮೃಗಗಳು ಇವುಗಳನ್ನು ಆಶ್ರಯಿಸುತ್ತವೆ.

ಚಳಿಗಾಲದ ಮುಂಜಾನೆ ಇಲ್ಲಿ ಗುಡ್ಡದ ಮೇಲೆ ನಿಂತವನಿಗೆ ಮೊದಲು ಮಂಜಿನ ಹೊರತು ಏನೂ ಕಾಣುವದಿಲ್ಲ. ಕಾಣುವದಕ್ಕಿಂತ ಮುಂಚೆ ಕೇಳಿಸುತ್ತದೆ: ಶಿಳ್ಳೆಬಾತುಗಳ ಕೂಗು, ಜೊಂಡಿನೊಳಗೆ ಜಂಬುಕೋಳಿಗಳ ಗದ್ದಲ, ದೂರದಲ್ಲಿ ದೋಣಿಯ ಗಳ ನೀರನ್ನು ಸೀಳುವ ಸದ್ದು. ಬಿಸಿಲು ಏರಿ ಮಂಜು ಹರಿದ ಹಾಗೆ, ಉತ್ತರದ ಶೀತದೇಶಗಳಿಂದ ಬಂದ ಬಾತುಗಳು ತೆರೆದ ನೀರಿನಲ್ಲಿ ಗುಂಪುಗುಂಪಾಗಿ ಕಾಣಿಸುತ್ತವೆ. ಬಾಲದ ಗರಿ ಸೂಜಿಯಂತೆ ಚಾಚಿಕೊಂಡ ಸೂಜಿಬಾಲದ ಬಾತುಗಳೂ, ಕಾವಿಬಣ್ಣದ ಚಕ್ರವಾಕಗಳೂ, ಬೂದುಬಣ್ಣದ ಬಾತುಗಳೂ ಅವುಗಳಲ್ಲಿ ಇರುತ್ತವೆ. ಕೊಕ್ಕರೆಗಳು ತೇಲುವ ಹುಲ್ಲಿನ ಅಂಚಿನಲ್ಲಿ ಕದಲದೆ ನಿಂತಿರುತ್ತವೆ. ಹಂದಿಜಿಂಕೆಯೆಂಬ ಚಿಕ್ಕ ಜಿಂಕೆಯೂ ಕಾಡುಹಂದಿಯೂ ನೀರುನಾಯಿಯೂ ಅಲ್ಲಿ ಉಂಟು.

ಆದರೆ ಜನರು ಹುಡುಕುತ್ತಾ ಬರುವದು ಬೇರೊಂದನ್ನು. ಅದು ಸಂಗಾಯಿ ಎಂಬ ಜಿಂಕೆ. ಗಂಡಿನ ಕೊಂಬು ಹಣೆಯಿಂದ ಮುಂದಕ್ಕೂ ಹಿಂದಕ್ಕೂ ಒಂದೇ ಬಿಲ್ಲಿನ ಹಾಗೆ ಬಾಗಿರುತ್ತದೆ. ಮೆತ್ತಗಿನ ನೆಲದ ಮೇಲೆ ನಡೆಯುವಾಗ ಅದು ಗೊರಸನ್ನು ಮಾತ್ರವಲ್ಲದೆ ಅದರ ಹಿಂದಿನ ಭಾಗವನ್ನೂ ಊರಿ ನಡೆಯುವದರಿಂದ, ನೋಡುವವರಿಗೆ ಕುಣಿಯುತ್ತಾ ಹೋಗುವಂತೆ ತೋರುತ್ತದೆ. ಓಡುತ್ತಾ ಓಡುತ್ತಾ ನಿಂತು, ಹಿಂದಿರುಗಿ ನೋಡುವ ವಾಡಿಕೆ ಅದಕ್ಕೆ ಉಂಟು. "ಸಾ" ಎಂದರೆ ಮೃಗ, "ಙಾಯಿ" ಎಂದರೆ ಕಾದಿರುವದು. ಕಾಯುತ್ತಾ ನಿಲ್ಲುವ ಮೃಗವೆಂಬದರಿಂದ ಆ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ಈ ಜಾತಿಯ ಜಿಂಕೆ ಸ್ವತಂತ್ರವಾಗಿ ಬದುಕಿರುವದು ಭೂಮಿಯ ಮೇಲೆ ಈ ಒಂದೇ ಸ್ಥಳದಲ್ಲಿ.

ಅದು ಉಳಿದ ಕಥೆಯೂ ಆಶ್ಚರ್ಯಕರವಾದದ್ದು. 1951ನೇ ಇಸವಿಯಲ್ಲಿ ಸಂಗಾಯಿಯು ನಿರ್ಮೂಲವಾಯಿತೆಂದು ಹೇಳಲ್ಪಟ್ಟಿತ್ತು. 1953ರಲ್ಲಿ ಇ. ಪಿ. ಜೀ ಎಂಬ, ಅಸ್ಸಾಮಿನ ಚಹದ ತೋಟಗಳಲ್ಲಿ ಕೆಲಸಮಾಡುತ್ತಿದ್ದ ಪ್ರಾಣಿಪ್ರಿಯನು ಹುಡುಕಿ, ಕೆಲವು ಇನ್ನೂ ಬದುಕಿವೆಯೆಂದು ಲೋಕಕ್ಕೆ ತಿಳಿಸಿದನು. 1966ರಲ್ಲಿ ಆ ಸ್ಥಳವು ಅಭಯಾರಣ್ಯವಾಯಿತು. 1975ರಲ್ಲಿ ಆಕಾಶದಿಂದ ನೋಡಿ ಎಣಿಸಿದಾಗ ಸಿಕ್ಕಿದವು ಹದಿನಾಲ್ಕೇ. ಒಂದು ಬಡ ಗೃಹಸ್ಥನ ಹಟ್ಟಿಯಲ್ಲಿರುವ ಆಡುಗಳಷ್ಟೂ ಅಲ್ಲ! 1977ರಲ್ಲಿ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಬಂತು. ಕಾವಲು ಬಲವಾಯಿತು, ಸುತ್ತಲಿನ ಹಳ್ಳಿಗಳ ಯುವಕರು ಸಂಘ ಕಟ್ಟಿ ಕಾಯುವದರಲ್ಲಿ ಕೈಗೂಡಿಸಿದರು. 1995ರ ಎಣಿಕೆಯಲ್ಲಿ 155, 2016ರ ಎಣಿಕೆಯಲ್ಲಿ 260 ಎಂದು ಬರೆಯಲ್ಪಟ್ಟಿತು.

ನೋಡಲು ಹೋದವರಲ್ಲಿ ಹೆಚ್ಚಿನವರು ಇಷ್ಟನ್ನು ಕೇಳಿ, ಸಂತೋಷಪಟ್ಟು, ಹಿಂದಿರುಗುತ್ತಾರೆ. ಸತ್ತುಹೋಯಿತೆಂದು ನೆನಸಿದ್ದು ಬದುಕಿತು; ಹದಿನಾಲ್ಕು ಇದ್ದದ್ದು ನೂರಾರು ಆಯಿತು; ಇದಕ್ಕಿಂತ ಒಳ್ಳೆಯ ಸುದ್ದಿ ಯಾವದು? ಇದು ಒಳ್ಳೆಯ ಸುದ್ದಿಯೇ ಸರಿ, ಸುಳ್ಳೂ ಅಲ್ಲ. ಆದರೆ ಇದು ಐದನೆಯ ಒಂದು ಪಾಲು. ಫುಮ್ದಿಯ ಹಾಗೆಯೇ ಈ ಕಥೆಯ ನಾಲ್ಕು ಪಾಲು ನೀರಿನ ಕೆಳಗೆ ಅಡಗಿದೆ.

ಪೂರ್ವದಲ್ಲಿ ಲೋಕ್ತಕಿನ ನೀರು ಋತುವಿಗೆ ತಕ್ಕಂತೆ ಏರುತ್ತಲೂ ಇಳಿಯುತ್ತಲೂ ಇತ್ತು. ಮಳೆಗಾಲದಲ್ಲಿ ಮಣಿಪುರ ನದಿಯು ಉಕ್ಕಿ, ಖೋರ್ಡಾಕ್ ಎಂಬ ಕಾಲುವೆಯ ಮಾರ್ಗವಾಗಿ ಸರೋವರದೊಳಗೆ ಹರಿಯುತ್ತಿತ್ತು. ಒಣಗಾಲದಲ್ಲಿ ಅದೇ ದಾರಿಯಿಂದ ಸರೋವರವು ನದಿಗೆ ಬರಿದಾಗುತ್ತಿತ್ತು. ನೀರು ಇಳಿದಾಗ ತೇಲುತ್ತಿದ್ದ ನೆಲವೂ ಮೆಲ್ಲಗೆ ಇಳಿದು ತಳದ ಮಣ್ಣಿನ ಮೇಲೆ ಕೂತುಕೊಳ್ಳುತ್ತಿತ್ತು. ಆಗ ಹುಲ್ಲಿನ ಬೇರುಗಳು ಕೆಸರಿನೊಳಗೆ ಇಳಿದು ಸತ್ವವನ್ನು ಹೀರಿ ಬಲಗೊಳ್ಳುತ್ತಿದ್ದವು. ತಿರಿಗಿ ಮಳೆ ಬಂದಾಗ ಆ ನೆಲವು ಹೊಸ ದಪ್ಪದಿಂದಲೂ ಹೊಸ ಚಿಗುರಿನಿಂದಲೂ ಮೇಲಕ್ಕೆ ಏಳುತ್ತಿತ್ತು. ಕೊರತೆಯ ಕಾಲವೆಂದು ನಮಗೆ ತೋರುವದೇ ಅದಕ್ಕೆ ಊಟದ ಕಾಲವಾಗಿತ್ತು. ನೀರು ತುಂಬಿದ ತಿಂಗಳುಗಳು ಅದನ್ನು ಎತ್ತಿ ಹಿಡಿದವು; ನೀರಿಲ್ಲದ ತಿಂಗಳುಗಳು ಅದನ್ನು ಸಾಕಿದವು.

1983ನೇ ಇಸವಿಯಲ್ಲಿ ಈ ಕ್ರಮವು ನಿಂತುಹೋಯಿತು. ಆ ವರುಷ ಮಣಿಪುರ ನದಿಗೆ ಅಡ್ಡವಾಗಿ ಇಥಾಯಿ ಎಂಬಲ್ಲಿ ಕಟ್ಟಿದ ಅಣೆಯು ಕೆಲಸಕ್ಕೆ ಬಂತು. ಲೋಕ್ತಕಿನ ನೀರನ್ನು ಹಿಡಿದು, ಸುರಂಗದ ಮೂಲಕ ಕೆಳಗಿಳಿಸಿ, 105 ಮೆಗಾವಾಟ್ ಶಕ್ತಿಯ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳನ್ನು ತಿರುಗಿಸುವದು ಅದರ ಉದ್ದೇಶ. ಯಂತ್ರಗಳು ವರುಷವೆಲ್ಲಾ ತಿರುಗಬೇಕಾದರೆ ಸರೋವರವು ವರುಷವೆಲ್ಲಾ ತುಂಬಿರಬೇಕು. ಆದಕಾರಣ ನೀರು ಇಳಿಯುವದು ನಿಂತಿತು. ಅದರ ಕೂಡ ನೆಲ ಇಳಿಯುವದೂ ನಿಂತಿತು. ಬೇರುಗಳಿಗೆ ಮಣ್ಣು ಸಿಕ್ಕದೆ ಉದ್ಯಾನದ ಫುಮ್ದಿಯು ಕೆಳಗಿನಿಂದ ಸವೆದು ತೆಳ್ಳಗಾಗುತ್ತಾ ಬಂತು. ಮೇಲೆ ನೋಡಿದರೆ ಅದೇ ಹಸುರು, ಅದೇ ಹುಲ್ಲು, ಅದೇ ಹಕ್ಕಿಯ ಕೂಗು. ಆದರೆ ದೊಡ್ಡ ಜಿಂಕೆಯ ಕಾಲನ್ನು ತಾಳುವ ಶಕ್ತಿ ಆ ನೆಲಕ್ಕೆ ಅನೇಕ ಕಡೆ ಕುಂದಿದೆ. ಕಾವಲುಗಾರನು ಬೇಟೆಗಾರನನ್ನು ಹಿಡಿಯಬಲ್ಲನು. ಕಾಲಿನ ಕೆಳಗಿನಿಂದ ಕರಗಿಹೋಗುವ ನೆಲವನ್ನು ಅವನು ಹೇಗೆ ಹಿಡಿಯುವನು?

ಇಲ್ಲಿ ಆತುರಪಟ್ಟು ಅಣೆ ಕಟ್ಟಿದವರನ್ನು ದೂಷಿಸುವದು ಸುಲಭ. ನಾವು ಹಾಗೆ ಮಾಡುವದಿಲ್ಲ. ಕತ್ತಲೆಯಲ್ಲಿದ್ದ ಹಳ್ಳಿಗೆ ಬೆಳಕು ಕೊಡಬೇಕೆಂಬದು ಕೆಟ್ಟ ಯೋಚನೆಯಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಹೆರುವ ತಾಯಿಗೂ, ದೀಪದ ಮುಂದೆ ಪಾಠ ಓದುವ ಮಗುವಿಗೂ, ಹೊಲಕ್ಕೆ ನೀರೆತ್ತುವ ಒಕ್ಕಲಿಗನಿಗೂ ಆ ಬೆಳಕೂ ಆ ಶಕ್ತಿಯೂ ಬೇಕು. ಜಿಂಕೆಯನ್ನು ಮುಳುಗಿಸಬೇಕೆಂದು ಯಾರೂ ಅಣೆಯನ್ನು ಕಟ್ಟಲಿಲ್ಲ. ದುಷ್ಟನೊಬ್ಬನು ಮಾಡಿದ್ದಾಗಿದ್ದರೆ ನಮ್ಮ ಪ್ರಶ್ನೆ ಸುಲಭವಾಗುತ್ತಿತ್ತು. ಅವನನ್ನು ಬೈದು ನಾವು ಮನೆಗೆ ಹೋಗಬಹುದಾಗಿತ್ತು. ಒಳ್ಳೆಯದನ್ನು ಬಯಸಿ ಮಾಡಿದ ಕೆಲಸದಿಂದ ಕೇಡು ಹುಟ್ಟಿತೆಂಬದೇ ಇಲ್ಲಿಯ ಕಷ್ಟ.

ಆ ಕೇಡು ಮೃಗಗಳಿಗೆ ಮಾತ್ರ ತಗಲಲಿಲ್ಲ. ನೀರು ಏರಿ ನಿಂತದ್ದರಿಂದ ದಡದ ರೈತರ ಭತ್ತದ ಹೊಲಗಳು ಬಹಳವಾಗಿ ಮುಳುಗಿದವು. ಪೂರ್ವದಲ್ಲಿ ಮೀನುಗಳು ಮ್ಯಾನ್ಮಾರ್ ದೇಶದ ನದಿಗಳಿಂದ ಮಣಿಪುರ ನದಿಯನ್ನು ಹತ್ತಿ ಲೋಕ್ತಕಿಗೆ ಮೊಟ್ಟೆಯಿಡಲು ಬರುತ್ತಿದ್ದವು. ಅಣೆಯು ಅವುಗಳ ದಾರಿಯನ್ನು ಮುಚ್ಚಿತು. ಪೆಂಗ್ಬಾ ಎಂಬ, ಆ ಜನರಿಗೆ ಬಹು ಪ್ರಿಯವಾದ ಮೀನು ಈಗ ಮಣಿಪುರದ ರಾಜ್ಯಮೀನೆಂದು ಹೆಸರು ಹೊಂದಿದೆ. ಆದರೆ ಲೋಕ್ತಕಿನಲ್ಲಿ ತಾನಾಗಿ ಹುಟ್ಟಿ ಬೆಳೆಯುತ್ತಿದ್ದ ಪೆಂಗ್ಬಾ ಇಲ್ಲದೆ ಹೋಯಿತು. ಗೌರವವು ಬಂದಾಗ ಗೌರವ ಹೊಂದುವವನು ಮನೆಯಲ್ಲಿ ಇಲ್ಲ!

ಹೊಲ ಕಳಕೊಂಡವರಲ್ಲಿ ಅನೇಕರು ಸರೋವರವನ್ನೇ ನೆಚ್ಚಿಕೊಂಡು, ತೇಲುವ ಫುಮ್ದಿಯ ಮೇಲೆ ಗುಡಿಸಲು ಕಟ್ಟಿ, ಮೀನು ಹಿಡಿದು ಬದುಕತೊಡಗಿದರು. ಮುಂದೆ ಸರೋವರವು ಕೆಡುತ್ತಾ ಬಂದಾಗ, ಕೆಡಿಸುವವರು ಇವರೇ ಎಂಬ ಮಾತು ಹುಟ್ಟಿತು. ಸರೋವರವನ್ನು ಕಾಪಾಡಲು 2006ರಲ್ಲಿ ಒಂದು ಕಾಯಿದೆ ಆಯಿತು. 2011ನೇ ಇಸವಿಯ ನವಂಬರ ತಿಂಗಳಲ್ಲಿ ಆ ಕಾಯಿದೆಯ ಮೇರೆಗೆ ಅಧಿಕಾರಿಗಳು ಇಂಥ ನೂರಾರು ಗುಡಿಸಲುಗಳನ್ನು ಕೆಡವಿ ಸುಟ್ಟುಬಿಟ್ಟರು. ಗುಡಿಸಲಿನವರಿಂದ ನೀರಿಗೆ ಕೊಳೆ ಸೇರಲೇ ಇಲ್ಲವೆಂದು ನಾವು ಹೇಳುವದಿಲ್ಲ. ಆದರೆ ಇಂಫಾಲ ಪಟ್ಟಣದ ಕೊಳೆಯೂ ನಂಬುಲ್ ನದಿಯ ಮಾರ್ಗವಾಗಿ ಅದೇ ಸರೋವರಕ್ಕೆ ಹರಿದುಬರುತ್ತಿತ್ತು. ಅಣೆಯ ಬಾಗಲುಗಳೂ ಇದ್ದ ಹಾಗೆಯೇ ಇದ್ದವು. ಬೆಂಕಿ ತಗಲಿದ್ದು ಹುಲ್ಲಿನ ಮಾಡಿಗೆ. ಒಂದು ಕೇಡಿಗೆ ಅನೇಕರು ಕಾರಣರಾಗಿರುವಾಗ, ಅವರಲ್ಲಿ ಅತಿ ಬಡವನನ್ನು ಮೊದಲು ಹಿಡಿಯುವದು ಲೋಕದ ಹಳೆಯ ವಾಡಿಕೆ. ಯಾಕಂದರೆ ಅವನು ಕೈಗೆ ಸಿಕ್ಕುತ್ತಾನೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ತಿಳಿಯದೆ ಆದ ಕೇಡು, ತಿಳಿದ ಮೇಲೆ ಯಾರದು?

ಒಬ್ಬ ರೈತನು ತನ್ನ ಗದ್ದೆಯಲ್ಲಿ ನೀರು ನಿಲ್ಲಲೆಂದು ಬದುವನ್ನು ಎತ್ತರಿಸಿದನೆಂದು ಎಣಿಸೋಣ. ಅವನ ಪೈರು ಚೆನ್ನಾಗಿ ಬಂತು. ಆದರೆ ಬದುವಿನ ಆಚೆ, ಅವನ ಕಣ್ಣಿಗೆ ಬೀಳದ ಕಡೆಯಲ್ಲಿ, ನೆರೆಯವನ ಸಸಿಗಳು ನೀರು ನಿಂತು ಕೊಳೆಯುತ್ತಿವೆ. ಮೊದಲನೆಯ ವರುಷ ಅವನನ್ನು ತಪ್ಪಿತಸ್ಥನೆಂದು ಯಾರು ಹೇಳುವರು? ಅವನಿಗೆ ತಿಳಿದಿರಲಿಲ್ಲ. ಒಂದು ದಿನ ನೆರೆಯವನು ಬಂದು ಅವನ ಕೈಹಿಡಿದು ಕರಕೊಂಡು ಹೋಗಿ ತೋರಿಸಿದನು. ಆ ಗಳಿಗೆಯಲ್ಲಿ ಬದುವಿನಿಂದ ಒಂದು ಹೆಂಟೆಯೂ ಕದಲಲಿಲ್ಲ. ಅದು ನಿನ್ನೆ ಇದ್ದ ಹಾಗೆಯೇ ಇದೆ. ಆದರೂ ಆ ಬದು ಬೇರೆಯಾಯಿತು. ನಿನ್ನೆ ಅದು ಅವನ ಜಾಣತನ. ಇಂದು ಅದು ಅವನ ಅನ್ಯಾಯ. ಬದಲಾದದ್ದು ಬದುವಲ್ಲ, ಅವನ ತಿಳುವಳಿಕೆ.

ಲೋಕ್ತಕಿನಲ್ಲಿ ಆದದ್ದು ಇದೇ. ಅಣೆ ಕಟ್ಟಿದ ಕಾಲದಲ್ಲಿ ತಿಳಿಯದಿದ್ದದ್ದು ಮುಂದೆ ತಿಳಿದುಬಂತು. ಸರೋವರವು 1990ರಲ್ಲಿ ರಾಮ್ಸಾರ್ ಒಡಂಬಡಿಕೆಯ ಪ್ರಕಾರ ಲೋಕವೇ ಕಾಪಾಡತಕ್ಕ ಜೌಗುಭೂಮಿಗಳ ಪಟ್ಟಿಗೆ ಸೇರಿತು. 1993ರಲ್ಲಿಯೇ ಅದು ಕೆಡುತ್ತಿರುವವುಗಳ ಪ್ರತ್ಯೇಕ ಪಟ್ಟಿಯಲ್ಲಿಯೂ ಬರೆಯಲ್ಪಟ್ಟಿತು. ಅಂದಿನಿಂದ ಇದು ಗುಟ್ಟಲ್ಲ. ಅಣೆಯ ಬಾಗಲುಗಳನ್ನು ಯಾವ ಕಾಲದಲ್ಲಿ ಎಷ್ಟು ತೆರೆಯಬೇಕು, ಅಣೆಯು ಇರಬೇಕೋ ಬೇಡವೋ ಎಂಬ ವಾದವು ಮಣಿಪುರದಲ್ಲಿ ಬಹು ವರುಷಗಳಿಂದ ನಡೆದುಬಂದಿದೆ. ವಿದ್ಯುತ್ತಿನ ಲೆಕ್ಕ, ಒಕ್ಕಲಿನ ಲೆಕ್ಕ, ನೆಲದ ಲೆಕ್ಕ ಇವುಗಳನ್ನು ಬಲ್ಲವರೇ ಕೂಡಿ ತೀರಿಸತಕ್ಕದ್ದು. ದೂರದಲ್ಲಿ ಕೂತ ನಾವು ತೀರ್ಪು ಹೇಳುವದು ಉಚಿತವಲ್ಲ. ಆದರೆ ಒಂದು ಮಾತನ್ನು ಯಾರಾದರೂ ಹೇಳಬಹುದು. ತಿಳಿಯದೆ ಮಾಡಿದ್ದನ್ನು ಕ್ಷಮಿಸಬಹುದು. ತಿಳಿದ ಮೇಲೆ ತಿಳಿಯದವನ ಹಾಗೆ ಇರುವದಕ್ಕೆ ಕ್ಷಮೆ ಕೇಳುವ ಬಾಯಿಯೇ ಇರುವದಿಲ್ಲ.

"ಇದು ಬದುವಿನ ಯಜಮಾನನಿಗೆ ಸಲ್ಲುವ ಮಾತು; ದಾರಿಯಲ್ಲಿ ಹೋಗುವವನಿಗೆ ಏನು?" ಎಂದು ಒಬ್ಬನು ಕೇಳಬಹುದು. ಯಜಮಾನನು ಊರಲ್ಲಿ ಇಲ್ಲ. ನೆರೆಯವನ ಸಸಿಗಳು ಮುಳುಗುತ್ತಿವೆ. ದಾರಿಹೋಕನೊಬ್ಬನು ಅದನ್ನು ಕಂಡನು. ಅವನು ಬದುವನ್ನು ಕಟ್ಟಲಿಲ್ಲ. ಅದನ್ನು ಒಡೆಯುವ ಅಧಿಕಾರವೂ ಅವನಿಗಿಲ್ಲ. ಆದರೂ ಸುಮ್ಮನೆ ಹೋದರೆ ಅವನ ಮನಸ್ಸಾಕ್ಷಿ ಅವನನ್ನು ಬಿಟ್ಟೀತೋ? ಕನಿಷ್ಠ ಪಕ್ಷಕ್ಕೆ ಯಜಮಾನನ ಮನೆಯ ಬಾಗಲಲ್ಲಿ ನಿಂತು, ನಿಮ್ಮ ಬದುವಿನಿಂದ ಹೀಗಾಗುತ್ತಿದೆ ಎಂದು ಹೇಳುವಷ್ಟು ಸಾಲ ಅವನ ಮೇಲೆ ಬಿತ್ತು. ಅವನು ಆ ದಾರಿಯಾಗಿ ಬಾರದಿದ್ದರೆ ಆ ಸಾಲ ಇರುತ್ತಿರಲಿಲ್ಲ. ಕಂಡದ್ದರಿಂದಲೇ ಅವನು ಸಾಲಗಾರನಾದನು. ಹಕ್ಕಿಗಳನ್ನು ನೋಡಲು ದೂರದ ಜೌಗುನಾಡಿಗೆ ಹೋಗುವವನು ಇಂಥ ದಾರಿಹೋಕನು. ಅವನು ಬಾಗಲಲ್ಲಿ ಕೊಟ್ಟ ಹಣವು ಒಳಗೆ ಹೋಗುವ ಹಕ್ಕಿಗೆ ಬೆಲೆ. ಕಂಡದ್ದರ ಬೆಲೆ ಅದಲ್ಲ.

ಇದಕ್ಕೆ ವಿರೋಧವಾಗಿ ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುವದುಂಟು.

ಮೊದಲನೆಯದು: "ಮನುಷ್ಯರೇ ಹಸಿದಿರುವಾಗ ಜಿಂಕೆಯ ಚಿಂತೆ ಯಾಕೆ?" ಈ ಮಾತಿನಲ್ಲಿ ಕರುಣೆ ಉಂಟು, ಅದನ್ನು ತಳ್ಳಿಬಿಡಬಾರದು. ಆದರೆ ಲೋಕ್ತಕಿನಲ್ಲಿ ಆದದ್ದನ್ನು ನೋಡಿರಿ. ಜಿಂಕೆಯ ನೆಲ ಸವೆದ ಅದೇ ನೀರಿನಿಂದ ರೈತನ ಹೊಲ ಮುಳುಗಿತು. ಅದೇ ಅಣೆಯಿಂದ ಬೆಸ್ತನ ಮೀನು ನಿಂತಿತು. ಸಂಗಾಯಿ ತಿನ್ನುವ ಇಶಿಂಗ್ ಕಂಬೋಂಗ್ ಎಂಬ ಜೌಗಿನ ಹುಲ್ಲಿನ ಕಾಂಡವನ್ನು ಅಲ್ಲಿಯ ಜನರೂ ಪಲ್ಯವಾಗಿ ತಿನ್ನುತ್ತಾರೆ. ಮೃಗವೂ ಬಡವನೂ ಒಂದೇ ತಟ್ಟೆಯಿಂದ ಉಣ್ಣುತ್ತಿದ್ದರು; ತಟ್ಟೆಯನ್ನು ಎತ್ತಿದಾಗ ಇಬ್ಬರೂ ಹಸಿದರು. ಬೆಳಕು ದೂರ ಹೋಯಿತು, ನಷ್ಟವು ದಡದಲ್ಲಿ ಉಳಿಯಿತು. ಮನುಷ್ಯನೋ ಮೃಗವೋ ಎಂಬ ಪ್ರಶ್ನೆಯು ಅನೇಕ ವೇಳೆ ಸುಳ್ಳು ಪ್ರಶ್ನೆ. ಲಾಭ ಹೊಂದುವವನೂ ಬೆಲೆ ಕೊಡುವವನೂ ಒಬ್ಬನೇಯೋ ಎಂಬದೇ ನಿಜವಾದ ಪ್ರಶ್ನೆ.

ಎರಡನೆಯದು: "ನಮ್ಮಂಥ ಒಬ್ಬಿಬ್ಬರಿಂದ ಏನಾದೀತು?" ಇದಕ್ಕೆ ಆ ಜಿಂಕೆಯ ಕಥೆಯೇ ಉತ್ತರ. ಅದು ಸತ್ತಿತೆಂದು ಎಲ್ಲರೂ ಒಪ್ಪಿಕೊಂಡಿದ್ದಾಗ, ಹೋಗಿ ನೋಡೋಣವೆಂದು ಹೊರಟವರಿಂದ ಅದರ ಸುದ್ದಿ ಬದುಕಿತು. ಅಭಯಾರಣ್ಯವಾಗಲಿ, ಉದ್ಯಾನವಾಗಲಿ, ಕಾವಲಾಗಲಿ, ಎಲ್ಲವೂ ಆ ಸುದ್ದಿಯ ತರುವಾಯ ಬಂದವು. ಇ. ಪಿ. ಜೀ ನೋಡಿ ಸಂತೋಷಪಟ್ಟು ಸುಮ್ಮನಾಗಿದ್ದರೆ ನಾವು ಈ ಲೇಖನವನ್ನು ಬರೆಯುತ್ತಿದ್ದೆವೋ? ಕಂಡದ್ದನ್ನು ಹೇಳುವದು ಸಣ್ಣ ಕೆಲಸವಾದರೂ, ಅದನ್ನು ಮಾಡದೆ ದೊಡ್ಡ ಕೆಲಸಗಳು ಹುಟ್ಟುವದಿಲ್ಲ.

ಮಣಿಪುರದವರು ಈ ಉದ್ಯಾನದ ವಿಷಯವಾಗಿ ಒಂದು ಹಳೆಯ ಕಥೆಯನ್ನು ಹೇಳುತ್ತಾರೆ. ಮೊಯಿರಾಂಗ್ ಸೀಮೆಯ ಕಡೆಂಗ್ ಥಾಂಗ್ಜಹಾನ್ಬಾ ಎಂಬ ವೀರನು ತಾನು ಪ್ರೀತಿಸಿದ ಹೆಣ್ಣಿಗೆ ಉಡುಗೊರೆಯಾಗಿ ಕೊಡಬೇಕೆಂದು ಕಾಡಿಗೆ ಹೋಗಿ ಒಂದು ಗಬ್ಬದ ಸಂಗಾಯಿಯನ್ನು ಜೀವಸಹಿತ ಹಿಡಿದು ತಂದನಂತೆ. ಹಿಂದಿರುಗಿ ಬಂದಾಗ ಆಕೆಯನ್ನು ಅರಸನು ಮದುವೆಯಾಗಿದ್ದನು. ವೀರನ ಮನಸ್ಸು ಮುರಿಯಿತು. ಕೈಯಲ್ಲಿ ಜಿಂಕೆಯಿದೆ, ಕೊಡತಕ್ಕವಳು ಇಲ್ಲ. ಅವನು ಅದನ್ನು ಕೊಲ್ಲಲಿಲ್ಲ, ಕಟ್ಟಿಹಾಕಲೂ ಇಲ್ಲ. ಕೈಬುಲ್ ಲಮ್ಜಾವೋ ಎಂಬ ಜೌಗಿನಲ್ಲಿ ಬಿಟ್ಟುಬಿಟ್ಟನು. ಅಲ್ಲಿ ಅದರ ಸಂತಾನ ಹೆಚ್ಚಿತೆಂದು ಕಥೆ. ಇದು ಹೀಗೆಯೇ ನಡೆಯಿತೋ ಇಲ್ಲವೋ ಎಂಬದು ಬೇರೆ ಮಾತು. ಒಂದು ಜನಾಂಗವು ತನ್ನ ಪ್ರಿಯವಾದ ಮೃಗದ ಮನೆಯನ್ನು ಒಬ್ಬ ನೊಂದ ಮನುಷ್ಯನ ಬಿಡುಗಡೆಯ ಕೈಯಿಂದ ಆರಂಭವಾಯಿತೆಂದು ಹೇಳಿಕೊಳ್ಳುವದು ನಮಗೆ ಅರ್ಥವುಳ್ಳದ್ದಾಗಿ ತೋರುತ್ತದೆ. ಹಿಡಿಯಲು ಬಲವಿದ್ದವನು ಬಿಟ್ಟದ್ದರಿಂದ ಆ ಮೃಗ ಉಳಿಯಿತು. ನೀರಿನ ವಿಷಯದಲ್ಲಿಯೂ ಕೇಳಲ್ಪಡುವದು ಇಷ್ಟೇ: ಹಿಡಿಯಬಲ್ಲವರು ವರುಷದಲ್ಲಿ ಕೆಲವು ಕಾಲವಾದರೂ ಬಿಡುವರೋ?

ಹಾಗಾದರೆ ಕಂಡವನು ತನ್ನ ಋಣವನ್ನು ಹೇಗೆ ತೀರಿಸಬೇಕು? ಮೂರು ಮಾತುಗಳಲ್ಲಿ ಹೇಳುತ್ತೇವೆ.

ಮೊದಲು, ಪೂರಾ ನೋಡಬೇಕು. ಎಷ್ಟು ಹಕ್ಕಿಗಳನ್ನು ಕಂಡೆನೆಂದು ಪಟ್ಟಿ ಮಾಡಿಕೊಳ್ಳುವದು ಒಳ್ಳೆಯದೇ. ಆದರೆ ಹಕ್ಕಿ ಯಾವದರ ಮೇಲೆ ಕೂತಿದೆಯೆಂದೂ ಅದು ಎಷ್ಟು ಕಾಲ ನಿಲ್ಲುವದೆಂದೂ ಕೇಳದವನು ಮೇಲಿನ ಒಂದು ಪಾಲನ್ನೇ ನೋಡಿ ಬಂದನು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರು ಅದನ್ನು ಹಿಡಿದಿದ್ದಾರೆ, ಯಾರ ಹೊಲ ಮುಳುಗಿತು ಎಂದು ದೋಣಿ ನಡಿಸುವವನನ್ನು ಕೇಳಿದರೆ ಅವನು ಹೇಳಿಯಾನು. ಅವನ ಮಾತನ್ನು ಕೇಳಲು ಸಮಯವಿಲ್ಲದವನು ಅಷ್ಟು ದೂರ ಹೋದದ್ದು ಯಾಕೆ?

ಎರಡನೆಯದಾಗಿ, ಕಂಡದ್ದನ್ನು ಪೂರಾ ಹೇಳಬೇಕು. ಹಿಂದಿರುಗಿ ಬಂದವರು ಅಂದವಾದದ್ದನ್ನು ಮಾತ್ರ ಹೇಳುವದು ವಾಡಿಕೆ. ಮಂಜು, ಕಮಲ, ಬಿಲ್ಲಿನಂಥ ಕೊಂಬು ಇವೆಲ್ಲಾ ನಿಜವೇ. ಆದರೆ ಸುಟ್ಟುಹೋದ ಗುಡಿಸಲನ್ನೂ ಸವೆದ ನೆಲವನ್ನೂ ಬಿಟ್ಟು ಹೇಳಿದರೆ, ಕೇಳುವವನು ಅಲ್ಲಿ ಎಲ್ಲವೂ ಸುಖವಾಗಿದೆಯೆಂದು ನಂಬುವನು. ಅರ್ಧ ಹೇಳಿದ ಸತ್ಯವು ಎಷ್ಟೋ ವೇಳೆ ಸುಳ್ಳಿನ ಕೆಲಸವನ್ನು ಮಾಡುತ್ತದೆ.

ಮೂರನೆಯದಾಗಿ, ತನ್ನ ಮನೆಯ ದೀಪವನ್ನು ನೋಡಿಕೊಳ್ಳಬೇಕು. ಲೋಕ್ತಕಿನ ಬೆಳಕು ನಮ್ಮ ಮನೆಗೆ ಬರುವದಿಲ್ಲವೆಂದು ನಾವು ನೆಮ್ಮದಿಯಿಂದ ಇರಬಹುದೋ? ಕನ್ನಡ ನಾಡಿನ ದೀಪಗಳೂ ಹಿಡಿದ ನೀರಿನಿಂದಲೇ ಬಹುಕಾಲ ಉರಿದವು, ಈಗಲೂ ಅನೇಕವು ಉರಿಯುತ್ತವೆ. 1964ರಲ್ಲಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಯ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳೂ ಗದ್ದೆಗಳೂ ಅಡವಿಗಳೂ ಮುಳುಗಿದವು; ಅಲ್ಲಿಂದ ಎದ್ದುಹೋದವರ ಮಕ್ಕಳೂ ಮೊಮ್ಮಕ್ಕಳೂ ಭೂಮಿಯ ಹಕ್ಕಿಗಾಗಿ ಅಲೆದದ್ದನ್ನು ನಾವು ಕೇಳಿ ಬಲ್ಲೆವು. ಆದಕಾರಣ ಬರಿದಾದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವದು ಜಿಪುಣತನವಲ್ಲ. ಯಾರೋ ಕೊಟ್ಟ ಬೆಲೆಗೆ ನಾವು ತೋರಿಸುವ ಮರ್ಯಾದೆ ಅದು.

ಇನ್ನು ಮಣಿಪುರಕ್ಕೆ ಎಂದೂ ಹೋಗಲಾರದ ನಮ್ಮ ಹಳ್ಳಿಯ ವಾಚಕರು, ಈ ಋಣವು ನಮ್ಮನ್ನು ತಟ್ಟುವದಿಲ್ಲವೆಂದು ಹೇಳಬೇಡಿರಿ. ಲೋಕ್ತಕಿನ ನೀರಿನಲ್ಲಿ ಚಳಿಗಾಲ ಕಳೆಯುವ ಸೂಜಿಬಾಲದ ಬಾತಿನ ಜಾತಿಯೇ ನಮ್ಮ ನಾಡಿನ ಕೆರೆಗಳಿಗೂ ಬರುತ್ತದೆ. ಊರ ಕೆರೆಯ ಏರಿಯ ಮೇಲೆ ಒಂದು ಮುಂಜಾನೆ ನಿಂತು ನೋಡುವದಕ್ಕೆ ಅಪ್ಪಣೆಯ ಚೀಟಿಯೂ ಬೇಡ, ಹಣವೂ ಬೇಡ. ಆದರೆ ಹಾಗೆ ನಿಂತವರು ಹಕ್ಕಿಗಳ ಕೂಡ ಬೇರೆಯದನ್ನೂ ಕಾಣುವರು: ಕೆರೆಗೆ ನೀರು ತರುವ ಕಾಲುವೆಯನ್ನು ಒತ್ತಿಕೊಂಡವರ ಬೇಲಿ, ಊರಿನ ಕೊಳೆ ಸೇರುವ ಮೋರಿ, ಬಲೆ ಹಾಕಲು ಜಾಗವಿಲ್ಲದೆ ಕೂತ ಬೆಸ್ತನು. ಕಂಡ ಮೇಲೆ, ನನಗೆ ತಿಳಿಯದು ಎಂಬ ಮಾತು ಬಾಯಿಂದ ಹೋಯಿತು. ಹೋಗಲಿ. ಆ ಮಾತನ್ನು ಕಳಕೊಳ್ಳುವದರಿಂದ ನಮಗೆ ನಷ್ಟವಿಲ್ಲ.

ಸಂಗಾಯಿಯು ಓಡುತ್ತಾ ನಿಂತು ಹಿಂದಿರುಗಿ ನೋಡುತ್ತದೆಂದು ಮೇಲೆ ಹೇಳಿದೆವು. ನೋಡಲು ಹೋದವರು ಅದನ್ನು ಚೆಂದದ ನೋಟವೆಂದು ಹೊಗಳುತ್ತಾರೆ. ಮೃಗದ ಮನಸ್ಸಿನಲ್ಲಿ ಏನಿದೆಯೆಂದು ನಾವು ಹೇಳಲಾರೆವು. ಅದು ನಮ್ಮಿಂದ ಏನಾದರೂ ಕೇಳುತ್ತದೆಂದು ಕಲ್ಪಿಸುವದೂ ಬೇಡ. ಅದು ಕೇಳದಿದ್ದರೂ ಸಾಲವು ಸಾಲವೇ. ಕೇಳಲು ಬಾಯಿಲ್ಲದವನಿಗೆ ಕೊಡತಕ್ಕದ್ದನ್ನು ಕೊಡುವವನೇ ನಿಜವಾಗಿ ನ್ಯಾಯಸ್ಥನು; ಕೇಳುವವನಿಗಾದರೋ ಭಯದಿಂದಲೂ ಕೊಡಬಹುದು, ನಾಚಿಕೆಯಿಂದಲೂ ಕೊಡಬಹುದು. ಆದದರಿಂದ ಹೋಗಿ ನೋಡುವವರು ಹೋಗಿ ನೋಡಲಿ, ಸಂತೋಷವಾಗಿ ನೋಡಲಿ. ಹಿಂದಿರುಗುವಾಗ ತಾವು ಹೋದದ್ದಕ್ಕಿಂತ ಸ್ವಲ್ಪ ಹೆಚ್ಚು ಭಾರವಾಗಿ ಹಿಂದಿರುಗುತ್ತೇವೆಂದು ತಿಳಿದಿರಲಿ. ಆ ಭಾರವನ್ನು ಬಾಗಲಲ್ಲಿ ಬಿಟ್ಟು ಬಾರದಿರಲಿ.